ಮಸಾಲೆ ಡಬ್ಬಿಗೆ ಹೋದ ಸೂಜಿಗಳು

"ಧನು, ಇನ್ನೂ ಜೋರಾಗಿ ಕೂತ್ಕೋ!"

ಧನುಶ್ರೀ ಸೂಟ್‌ಕೇಸಿನ ಮೇಲೆ ಕುಳಿತೇ ಇದ್ದಳು. ಈಗ ಎದ್ದು, ಒಮ್ಮೆ ಹಾರಿ, ಮತ್ತೆ ಧೊಪ್ಪನೆ ಕುಳಿತಳು. ರಶ್ಮಿತಾ ಚಿಕ್ಕಮ್ಮ ಹಲ್ಲು ಕಚ್ಚಿ ಜಿಪ್ ಎಳೆದಳು. ಜಿಪ್ ಮೂಲೆಯವರೆಗೂ ಬಂದು, ಅಲ್ಲೇ ಹಟ ಹಿಡಿದು ನಿಂತುಬಿಟ್ಟಿತು.

"ಅದರ ಹೊಟ್ಟೆ ಒಡ್ದು ಹೋಗತ್ತೆ, ಬಿಡ್ರೇ!" ಎಂದು ಅಡುಗೆಮನೆಯಿಂದ ಶಾಂತಾ ಅಜ್ಜಿ ಕೂಗಿದರು. ಅಜ್ಜಿ ಮೈಸೂರಿನಿಂದ ಈ ಪರದೇಶದ ಊರು ಜಾನ್ಸನ್‌ವಿಲ್‌ಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಈ ಮನೆಯ ಎಲ್ಲ ವಿಷಯಕ್ಕೂ ಅವರದೊಂದು ಮಾತು ಇದ್ದೇ ಇರುತ್ತಿತ್ತು.

ಚಿಕ್ಕಮ್ಮ ಟ್ಯಾಟೂ ಹಾಕುವವಳು. ಅವಳಿಗೆ ಸ್ವಂತ ಅಂಗಡಿ ಇಲ್ಲ. ತಿಂಗಳಿಗೊಂದು ಊರಿಗೆ ಹೋಗಿ, ಅಲ್ಲಿ ಯಾರದಾದರೂ ಸ್ಟುಡಿಯೋದಲ್ಲಿ ಎರಡು ದಿನ ಕೆಲಸ ಮಾಡಿ ಬರುತ್ತಾಳೆ. ಈ ಸಲ ನೆಲ್ಸನ್. ಅದಕ್ಕಿಂತ ದೊಡ್ಡ ಸುದ್ದಿ ಏನೆಂದರೆ, ಈ ಸಲ ಧನುವೂ ಹೋಗುತ್ತಿದ್ದಳು!

ಮೊದಲು ಟ್ರೇನು, ಆಮೇಲೆ ಸಮುದ್ರ ದಾಟುವ ಫೆರ್ರಿ, ಆಮೇಲೆ ಬಸ್ಸು. ಒಂದು ವಾರದಿಂದ ಧನುವಿನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕ್ಲಾಸಿನಲ್ಲಿ ಎಲ್ಲರಿಗೂ ಎರಡೆರಡು ಸಲ ಹೇಳಿಯಾಗಿತ್ತು. ಗೆಳತಿ ನಿಶಾಳಿಗೆ ನಾಲ್ಕು ಸಲ.

ಒಂದೇ ಒಂದು ಷರತ್ತಿತ್ತು. "ನೀನೇ ನನ್ನ ಪ್ಯಾಕಿಂಗ್ ಮ್ಯಾನೇಜರ್," ಎಂದಿದ್ದಳು ಚಿಕ್ಕಮ್ಮ. "ಎಲ್ಲಾ ಸರಿಯಾಗಿ ಪ್ಯಾಕ್ ಆಗ್ಬೇಕು. ಏನಾದ್ರೂ ಎಡವಟ್ಟಾದ್ರೆ, ನೋಡು, ನೀನು ಮನೇಲೇ!"

ಆದ್ದರಿಂದ ಧನು ಬೆಳಗ್ಗೆ ಆರಕ್ಕೇ ಎದ್ದಿದ್ದಳು. ಮೆಷಿನ್ ಒಂದು, ಟಿಕ್. ಅದರ ಬ್ಯಾಟರಿ ಎರಡು, ಟಿಕ್. ಬಣ್ಣದ ಬಾಟಲಿ ಹನ್ನೊಂದು, ಕಪ್ಪು ಗ್ಲೌಸು, ಸ್ಟೆನ್ಸಿಲ್ ಪೇಪರು, ದೀಪ, ಕೈ ಇಟ್ಟುಕೊಳ್ಳುವ ಮಡಚುವ ಸ್ಟ್ಯಾಂಡು, ಎರಡು ಪೆಟ್ಟಿಗೆ ಸೂಜಿ. ಎಲ್ಲವೂ ಟಿಕ್. ಮುಚ್ಚಳ ಒಂದು ಮಾತ್ರ ಮಾತು ಕೇಳುತ್ತಿರಲಿಲ್ಲ.

"ಮೆಷಿನ್‌ಗೆ ಸುತ್ತೋ ಪ್ಲಾಸ್ಟಿಕ್ ಹಾಳೆ ಮುಗ್ದಿದೆ. ಮೂಲೆ ಡೇರಿಯಿಂದ ತರ್ತೀನಿ," ಎಂದು ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡಳು. ಇಲ್ಲಿ ಬೀದಿಮೂಲೆಯ ಅಂಗಡಿಗೆ ಡೇರಿ ಎನ್ನುತ್ತಾರೆ. ಹಾಲಿನ ಜೊತೆ ಊರಿಗಾಗುವಷ್ಟು ಸಾಮಾನು ಅಲ್ಲಿರುತ್ತದೆ. "ಅಷ್ಟರಲ್ಲಿ ಏನಾದ್ರೂ ಐಡಿಯಾ ಮಾಡು, ಮ್ಯಾನೇಜರ್."

ಧನು ಅಡುಗೆಮನೆಗೆ ಹೋದಳು. ಅಜ್ಜಿ ಪ್ರಯಾಣಕ್ಕೆಂದು ಚಟ್ನಿಪುಡಿ ಕಟ್ಟುತ್ತಿದ್ದರು. ಪ್ಯಾಕೆಟ್ ಕತ್ತರಿಸಿ, ಖಾಲಿ ಐಸ್‌ಕ್ರೀಮ್ ಡಬ್ಬಿಗೆ ಸುರಿದು, ಒಮ್ಮೆ ಕುಟ್ಟಿ ಮುಚ್ಚಿದರು.

"ಪ್ಯಾಕೆಟ್ ತುಂಬಾ ಬರೀ ಗಾಳಿ," ಎಂದರು ಅಜ್ಜಿ. ಯಾವ ಪ್ಯಾಕೆಟ್ ಕಂಡರೂ ಅವರು ಹೇಳುವುದು ಇದನ್ನೇ. "ಗಾಳೀನ ಯಾಕೆ ಹೊತ್ಕೊಂಡು ಹೋಗ್ಬೇಕು?"

ಧನುವಿನ ತಲೆಯಲ್ಲಿ ಲೈಟ್ ಹತ್ತಿತು.

ಓಡಿಬಂದು ಸೂಜಿಯ ಪೆಟ್ಟಿಗೆ ತೆರೆದಳು. ಒಟ್ಟು ನಲವತ್ತು ಸೂಜಿ. ಒಂದೊಂದೂ ಪೆನ್ನಿನ ರೀಫಿಲ್ಲಿನ ತುಂಡಿನಂಥ ಪ್ಲಾಸ್ಟಿಕ್ ಕೊಳವೆಯೊಳಗೆ ಅಡಗಿ ಕೂತಿತ್ತು. ಕೊಳವೆ ಇರುವುದು ಬೆರಳಿನಷ್ಟು, ಅದರ ಪ್ಯಾಕೆಟ್ಟು ಅಂಗೈಯಷ್ಟು! ನಡುವೆ ಎಲ್ಲ ಗಾಳಿ.

ಪರ್ರ್! ಹಿಂದಿನ ಕಾಗದ ಕಿತ್ತು ಬಂತು. ಪರ್ರ್! ಪರ್ರ್! ಕಿತ್ತಷ್ಟೂ ಇನ್ನೂ ಕೀಳುವ ಹುರುಪು. ಇವನ್ನು ಹಾಕಲು ಡಬ್ಬಿ? ಅಜ್ಜಿ ಹೂವಿನ ಗಿಡಕ್ಕೆ ನೀರು ಹಾಕಲು ಹೊರಗೆ ಹೋದದ್ದೇ ತಡ, ಧನು ಸ್ಟೀಲಿನ ಮಸಾಲೆ ಡಬ್ಬಿಯನ್ನು ಎತ್ತಿಕೊಂಡು ಬಂದಳು. ಸಾಸಿವೆ, ಜೀರಿಗೆ, ಇಂಗು, ಅರಿಸಿನ ಎಲ್ಲ ಒಂದೇ ಪಾತ್ರೆಗೆ ಸುರಿದು ಡಬ್ಬಿ ಒರೆಸಿದಳು. ಒಳಗೆ ಏಳು ಪುಟ್ಟ ಬಟ್ಟಲು. ಗೆರೆ ಎಳೆಯುವ ಸೂಜಿ ಇಲ್ಲಿ, ಬಣ್ಣ ತುಂಬುವ ಸೂಜಿ ಅಲ್ಲಿ. ಎಷ್ಟು ಚಂದ ಕಾಣುತ್ತಿತ್ತೆಂದರೆ ಧನು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಈಗ ಸೂಟ್‌ಕೇಸು ಒಂದೇ ಬೆರಳಿಗೆ ಮುಚ್ಚಿಕೊಂಡಿತು.

"ಅಯ್ಯೋ, ಹೆಂಗೇ ಮುಚ್ಚಿದೆ?" ವಾಪಸು ಬಂದ ಚಿಕ್ಕಮ್ಮ ಧನುವನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. "ಮ್ಯಾನೇಜರ್ ಅಂದ್ರೆ ಮ್ಯಾನೇಜರ್!"

"ಸೀಕ್ರೆಟ್," ಎಂದಳು ಧನು, ಮುಖವೆಲ್ಲ ನಗುವಾಗಿ.

ಅಷ್ಟರಲ್ಲಿ ಫೋನು. ನೆಲ್ಸನ್‌ನ ಲೀಲಾವತಿ ಆಂಟಿ. ನಾಳೆ ಮೊದಲ ಟ್ಯಾಟೂ ಅವರಿಗೇ. ಅವರು ಅಲ್ಲಿ ನರ್ಸು. ತೀರಿಹೋದ ತಾಯಿಯ ಮುಂಗೈಯಲ್ಲಿದ್ದ ಹಚ್ಚೆಯನ್ನೇ, ಫೋಟೋ ನೋಡಿ ತಮ್ಮ ಕೈಗೂ ಹಾಕಿಸಿಕೊಳ್ಳಬೇಕೆಂದಿದ್ದರು. ಚಿಕ್ಕಮ್ಮ ಸ್ಪೀಕರ್ ಒತ್ತಿ ಪ್ಲಾಸ್ಟಿಕ್ ಹಾಳೆಯನ್ನು ಪಕ್ಕದ ಜೇಬಿಗೆ ತುರುಕತೊಡಗಿದಳು.

"ಐವತ್ತೆಂಟು ವರ್ಷಕ್ಕೆ ನಂದು ಫಸ್ಟ್ ಟ್ಯಾಟೂ ಕಣಮ್ಮ, ಸ್ವಲ್ಪ ಭಯ," ಎಂದರು ಆಂಟಿ. "ನಾನು ಆಸ್ಪತ್ರೆಯವಳಲ್ವಾ, ಕೇಳ್ದೆ ಇರಕ್ಕಾಗಲ್ಲ. ಸೂಜಿ ಎಲ್ಲಾ ಸೀಲ್ ಆಗಿರೋದೇ ತಾನೇ?"

"ಒಂದೊಂದೂ ಸೀಲ್ ಆಗಿರತ್ತೆ ಆಂಟಿ. ನಿಮ್ಮ ಕಣ್ಣೆದುರಿಗೇ ಬಿಚ್ಚೋದು. ಅಲ್ಲಿವರೆಗೂ ಅದಕ್ಕೆ ಹೊರಗಿನ ಗಾಳಿ ಸಹ ತಾಕಿರಲ್ಲ. ಒಂದು ಸಲ ಬಿಚ್ಚಿದ್ದು ಅಂದ್ರೆ ಯಾರ ಮೈಗೂ ಮುಟ್ಟಿಸಲ್ಲ."

ಧನುವಿನ ನಗು ಇದ್ದಲ್ಲೇ ನಿಂತಿತು.

ಚಿಕ್ಕಮ್ಮ ಮಾತಾಡುತ್ತಾ ಕಿಟಕಿಯ ಕಡೆ ತಿರುಗಿದಾಗ, ಮೆಲ್ಲಗೆ ಕಸದ ಬುಟ್ಟಿಯಿಂದ ಒಂದು ಪ್ಯಾಕೆಟ್ಟು, ಸೂಟ್‌ಕೇಸಿನೊಳಗಿನ ಡಬ್ಬಿಯಿಂದ ಒಂದು ಸೂಜಿ ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಶಾಲೆಯ ಬ್ಯಾಗಿನಲ್ಲಿ ಗ್ಲೂ ಸ್ಟಿಕ್ ಇತ್ತು. ಸೂಜಿಯನ್ನು ಒಳಗಿಟ್ಟು, ಅಂಚಿಗೆ ಗ್ಲೂ ಹಚ್ಚಿ, ಕಾಗದವನ್ನು ನಾಜೂಕಾಗಿ ಒತ್ತಿದಳು.

ಕೂತಿತು! ಹೊಸದರ ಹಾಗೇ ಕೂತಿತು. ತಿರುಗಿಸಿ ಮುರುಗಿಸಿ ನೋಡಿದಳು, ಗೊತ್ತೇ ಆಗುವುದಿಲ್ಲ. ಹೀಗೇ ಎಲ್ಲ ಅಂಟಿಸಿಬಿಟ್ಟರೆ? ಫೆರ್ರಿಯೂ ಉಳಿಯಿತು, ನೆಲ್ಸನ್ನೂ ಉಳಿಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಬಾಗಿಲು ತೆರೆದುಕೊಂಡಿತು. ಅಜ್ಜಿ! ಧನು ಪ್ಯಾಕೆಟ್ಟನ್ನು ಬೆನ್ನಹಿಂದೆ ಮುಚ್ಚಿಟ್ಟಳು.

"ಹೊರಡೋ ಹೊತ್ತಲ್ಲಿ ಇಲ್ಯಾಕೆ ಕೂತಿದ್ಯಾ ಪುಟ್ಟಿ?" ಎಂದು ಅಜ್ಜಿ ಅವಳ ಕೆನ್ನೆ ಸವರಿದರು. ಅವರ ಮುಂಗೈಯ ಹಸಿರು ಹಚ್ಚೆ ಕಣ್ಣಮುಂದೆ ಬಂತು. ಮಣಿಕಟ್ಟಿನಿಂದ ಹೊರಟ ಬಳ್ಳಿ, ಎರಡೇ ಎಲೆ ಬಿಟ್ಟು ಅಲ್ಲೇ ನಿಂತಿತ್ತು. ಪೂರ್ತಿ ಮಾಡಿಕೊಡುತ್ತೇನೆಂದು ಚಿಕ್ಕಮ್ಮ ಎಷ್ಟು ಸಲ ಕೇಳಿದರೂ ಅಜ್ಜಿ ಒಪ್ಪಿರಲಿಲ್ಲ.

"ಅಜ್ಜಿ, ನಿಮ್ಮ ಬಳ್ಳಿ ಯಾಕೆ ಅರ್ಧ?"

"ಓ, ಅದಾ? ನಂಗಾಗ ನಿನ್ನಷ್ಟೇ ವಯಸ್ಸು. ಹಚ್ಚೆಯವಳು ಬುಟ್ಟಿ ಹೊತ್ಕೊಂಡು ಬರೋಳು. ಇಡೀ ಬೀದಿಗೆ ಒಂದೇ ಸೂಜಿ. ಮೊದಲ್ನೇ ದಿನ ನಮ್ಮಕ್ಕನಿಗೆ ಪೂರ್ತಿ, ನಂಗೆ ಅರ್ಧ ಹಾಕಿದ್ಲು. ಬೆಳಗಾಗೋಷ್ಟರಲ್ಲಿ ಅಕ್ಕನ ಕೈ ಬಾತ್ಕೊಂಡು ಇಷ್ಟು ದಪ್ಪ! ಕೀವಾಗಿ, ತಿಂಗಳಿಡೀ ಜ್ವರ. ಹಚ್ಚೆಯವಳದ್ದೇನು ತಪ್ಪು, ಅವಳಿಗೆ ಗೊತ್ತಿರ್ಲಿಲ್ಲ ಪಾಪ. ಮಿಕ್ಕಿದ್ದಕ್ಕೆ ಕೈ ಕೊಡಕ್ಕೆ ನಂಗೆ ಧೈರ್ಯನೇ ಬರ್ಲಿಲ್ಲ."

ಅವಳಿಗೆ ಗೊತ್ತಿರಲಿಲ್ಲ. ತನಗೆ ಗೊತ್ತಿದೆ. ಧನು ಬೆನ್ನಹಿಂದಿನ ಪ್ಯಾಕೆಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಹಾಲ್‌ಗೆ ಹೋದಳು.

"ಚಿಕ್ಕಮ್ಮ, ನಾನು ಸೂಜಿ ಪ್ಯಾಕೆಟ್ ಎಲ್ಲಾ ಬಿಚ್ಚಿಬಿಟ್ಟೆ. ಜಾಗ ಆಗ್ಲಿ ಅಂತ. ಇದೊಂದನ್ನ ಗ್ಲೂ ಹಾಕಿ ಅಂಟಿಸ್ದೆ." ಮಾತು ಮುಗಿಯುವುದರೊಳಗೆ ಕಣ್ಣು ತುಂಬಿತು. "ಸಾರಿ. ನಾನು ನೆಲ್ಸನ್‌ಗೆ ಬರಲ್ಲ."

ಚಿಕ್ಕಮ್ಮ ಸೂಟ್‌ಕೇಸು ತೆರೆದಳು. ಮಸಾಲೆ ಡಬ್ಬಿ ತೆರೆದಳು. ಇಂಗಿನ ವಾಸನೆ ಘಮ್ಮೆಂದು ಬಂತು. ಅವಳು ನೆಲದ ಮೇಲೆ ಕುಳಿತುಬಿಟ್ಟಳು.

"ಅಯ್ಯಯ್ಯೋ, ನನ್ನ ಸಾಸಿವೆ ಎಲ್ಲಿ ಸುರಿದ್ಯೇ?" ಎಂದರು ಹಿಂದೆಯೇ ಬಂದ ಅಜ್ಜಿ.

ಚಿಕ್ಕಮ್ಮ ಬೈಯಲಿಲ್ಲ. ಎಣಿಸಿದಳು. ಅಂಟಿಸಿದ್ದೂ ಸೇರಿ ಮೂವತ್ತೊಂಬತ್ತು. ಅಜ್ಜಿ ಬಗ್ಗಿ, ಸೋಫಾದ ಕೆಳಗೆ ಜಾರಿದ್ದ ನಲವತ್ತನೆಯದನ್ನು ಎತ್ತಿಕೊಟ್ಟರು. ಅದು ಬಿಚ್ಚಿರಲಿಲ್ಲ.

ಚಿಕ್ಕಮ್ಮ ಎರಡೂ ಪ್ಯಾಕೆಟ್ಟುಗಳನ್ನು ಬೆನ್ನಹಿಂದೆ ಒಯ್ದು, ಅದಲುಬದಲು ಮಾಡಿ, ಮುಂದೆ ಹಿಡಿದಳು. "ಹೇಳು, ಅಂಟಿಸಿದ್ದು ಯಾವ್ದು?"

ಧನು ನೋಡಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿದರು. "ಗೊತ್ತಾಗ್ತಿಲ್ಲ," ಎಂದಳು ಧನು.

"ನಂಗೂ ಗೊತ್ತಾಗ್ತಿಲ್ಲ," ಎಂದಳು ಚಿಕ್ಕಮ್ಮ. ಮಸಾಲೆ ಡಬ್ಬಿಯಲ್ಲಿದ್ದ ಸೂಜಿಗಳನ್ನೆಲ್ಲ ಸೂಜಿ ಎಸೆಯುವ ಹಳದಿ ಡಬ್ಬಿಗೆ ಸುರಿದು, ಈ ಎರಡನ್ನೂ ಅದರೊಳಕ್ಕೇ ಹಾಕಿಬಿಟ್ಟಳು.

ಒಳ್ಳೆಯದೂ ಹೋಯಿತು. ಧನುವಿಗೆ ಅಳು ತಡೆಯಲಾಗಲಿಲ್ಲ.

"ನೀನು ಹೇಳದೇ ಹೋಗಿದ್ರೆ ಅಳ್ಬೇಕಾಗಿತ್ತು," ಎಂದು ಚಿಕ್ಕಮ್ಮ ಗಡಿಯಾರ ನೋಡಿ ಎದ್ದು ನಿಂತಳು. "ಸೂಜಿ ಮಾರೋ ಅಂಗಡಿ ಸಿಟಿಯಲ್ಲಿದೆ. ಶನಿವಾರ ಹನ್ನೆರಡಕ್ಕೆ ಮುಚ್ತಾರೆ. ಫೆರ್ರಿ ಒಂದೂವರೆಗೆ. ಮುಂದಿನ ಟ್ರೇನಿಗೆ ಇನ್ನು ಹತ್ತು ನಿಮಿಷ. ಓಡಕ್ಕಾಗತ್ತಾ?"

"ನಾನೂನಾ?"

"ಮತ್ತೆ? ಮ್ಯಾನೇಜರ್ ಇಲ್ದೆ ಹೋಗ್ಲಾ?"

ಆಮೇಲೆ ನಡೆದದ್ದೆಲ್ಲ ಓಟವೇ. ಗಾಳಿ ಎದುರಿನಿಂದ ತಳ್ಳುತ್ತಿತ್ತು. ಸೂಟ್‌ಕೇಸಿನ ಚಕ್ರ ಗಡಗಡ ಎನ್ನುತ್ತಿತ್ತು. ಟ್ರೇನಿನ ಬಾಗಿಲು ಮುಚ್ಚುವ ಮುಂಚೆ ಧನು ಒಳಗೆ, ಸೂಟ್‌ಕೇಸು ಒಳಗೆ, ಚಿಕ್ಕಮ್ಮ ಕೊನೆಗೆ! ಸಿಟಿಯಲ್ಲಿ ಮತ್ತೆ ಓಟ. ಅಂಗಡಿಯವನು ಬೋರ್ಡು ತಿರುಗಿಸಲು ಕೈ ಎತ್ತಿದ್ದ. ಧನು ಗಾಜಿನ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಳು. ಅವನು ನಕ್ಕು ಬಾಗಿಲು ತೆಗೆದ.

ಹೊಸ ಪೆಟ್ಟಿಗೆ ಎರಡೂ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ. ಧನು ತನ್ನ ಬೆನ್ನಿನ ಬ್ಯಾಗು ಬಿಚ್ಚಿ ದಪ್ಪ ಜಾಕೆಟ್ ತೆಗೆದು ಮೈಮೇಲೆ ಹಾಕಿಕೊಂಡಳು. ಡ್ರಾಯಿಂಗ್ ಬುಕ್ ಕಂಕುಳಿಗೆ ಹೋಯಿತು. ಬ್ಯಾಗಿನಲ್ಲಿ ಈಗ ಎರಡು ಪೆಟ್ಟಿಗೆ ಮಾತ್ರ. ಫೆರ್ರಿ ಹೊರಟು, ಜನರೆಲ್ಲ ಡೆಕ್ಕಿನ ಮೇಲೆ ಫೋಟೋ ತೆಗೆಯುವಾಗಲೂ ಅವಳು ಬ್ಯಾಗನ್ನು ಎದೆಗೆ ಅವಚಿಕೊಂಡೇ ಸಮುದ್ರ ನೋಡಿದಳು. ಸಮುದ್ರ ಮಾತ್ರ ಅವಳು ಅಂದುಕೊಂಡದ್ದಕ್ಕಿಂತ ಎಷ್ಟೋ ದೊಡ್ಡದಾಗಿತ್ತು.

ಮರುದಿನ ನೆಲ್ಸನ್‌ನ ಸ್ಟುಡಿಯೋದಲ್ಲಿ ಲೀಲಾವತಿ ಆಂಟಿ ಸ್ಟ್ಯಾಂಡಿನ ಮೇಲೆ ಕೈ ಚಾಚಿ ಕುಳಿತರು.

"ಧನು, ಒಂದು ಸೂಜಿ," ಎಂದಳು ಚಿಕ್ಕಮ್ಮ.

ಧನು ಒಂದು ಪ್ಯಾಕೆಟ್ ತೆಗೆದು, ನಾಲ್ಕೂ ಅಂಚಿನ ಮೇಲೆ ಬೆರಳಾಡಿಸಿದಳು. ಚಿಕ್ಕಮ್ಮನಿಗೆ ಕೊಡುವ ಮೊದಲು ಆಂಟಿಯ ಮುಂದೆ ಹಿಡಿದಳು. "ನೋಡಿ ಆಂಟಿ, ಮುಚ್ಚಿದೆ."

ಆಂಟಿ ತಿರುಗಿಸಿ ನೋಡಿ ತಲೆಯಾಡಿಸಿದರು. ಚಿಕ್ಕಮ್ಮನೂ ಇಸಿದುಕೊಂಡು ಮತ್ತೊಮ್ಮೆ ನೋಡಿದಳು. ನಿನ್ನೆಯಾಗಿದ್ದರೆ ಧನುವಿಗೆ ಬೇಜಾರಾಗುತ್ತಿತ್ತೇನೋ. ಇವತ್ತು ಆಗಲಿಲ್ಲ.

ಪರ್ರ್! ಆಂಟಿ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

ಸಂಜೆ ಅಜ್ಜಿಯ ಫೋನು ಬಂತು. ಸಾಸಿವೆಯಿಂದ ಜೀರಿಗೆ ಆರಿಸುವುದೇ ಇಡೀ ದಿನದ ಕೆಲಸವಾಯಿತೆಂದು ಮೊದಲು ಚೆನ್ನಾಗಿ ಬೈದರು. ಆಮೇಲೆ ದನಿ ಇಳಿಸಿದರು.

"ಧನು, ನಿನ್ನೆ ನಿಮ್ಮ ಚಿಕ್ಕಮ್ಮ ಎರಡನ್ನೂ ಎಸೆದುಬಿಟ್ಲಲ್ಲ, ನಾನು ನೋಡ್ದೆ," ಎಂದರು. "ಬರ್ತಾ ನಂಗೂ ಒಂದು ಪ್ಯಾಕೆಟ್ ಉಳಿಸ್ಕೊಂಡು ಬಾ. ನನ್ನ ಬಳ್ಳಿ ಇನ್ನೂ ಅರ್ಧ ಬಾಕಿ ಇದೆ."

ಧನು ಪೆಟ್ಟಿಗೆಯಿಂದ ಒಂದು ಪ್ಯಾಕೆಟ್ ಆರಿಸಿ, ಅಂಚುಗಳನ್ನು ಎರಡು ಸಲ ನೋಡಿ, ಬ್ಯಾಗಿನ ಒಳಜೇಬಿನಲ್ಲಿಟ್ಟಳು. ಅದು ಉಬ್ಬಿಕೊಂಡು ತುಂಬ ಜಾಗ ಹಿಡಿಯಿತು. ಅವಳು ಅದನ್ನು ಒತ್ತಲಿಲ್ಲ. ಒಳಗಿನ ಗಾಳಿಯ ಸಮೇತ, ಹಾಗೆಯೇ ಜಿಪ್ ಎಳೆದಳು.