ಹದಿನೈದನೆಯ ವಿಳಾಸ

ಹೋದ ಜುಲೈ ತಿಂಗಳ ಮಾತು. ಹೊಸಪೇಟೆ ಹತ್ತಿರದ ಒಂದು ಕಾಲುವೆ ಕಚೇರಿಯಲ್ಲಿ ನಾನು ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಕಾಲುವೆಗೆ ನೀರು ಬಿಡುವ ಮುಂಚೆ ವೆಬ್‌ಸೈಟಿನ ಫಾರಂನಲ್ಲಿ ಗೇಟ್ ಕಾಯುವವರ ಹೆಸರುಗಳಿಗೆ ಟಿಕ್ ಹಾಕಿ, ಎಲ್ಲರಿಗೂ ಒಟ್ಟಿಗೆ ಇಮೇಲ್ ಕಳಿಸಬೇಕು.

ಅವತ್ತು ಮಧ್ಯಾಹ್ನ ಹದಿನಾಲ್ಕು ಹೆಸರಿಗೆ ಟಿಕ್ ಹಾಕಿ ‘ಕಳಿಸು’ ಗುಂಡಿ ಒತ್ತಿದೆ. ‘ಹದಿನೈದು ಮಂದಿಗೆ ಕಳಿಸಲಾಗಿದೆ’ ಎಂದು ಪರದೆ ತೋರಿಸಿತು. ಪಟ್ಟಿಯಲ್ಲಿ ಇದ್ದದ್ದೇ ಹದಿನಾಲ್ಕು. ಹೊರಗೆ ಸುಡುಬಿಸಿಲಿದ್ದರೂ ಬೆರಳಡಿಯ ಕೀಬೋರ್ಡ್ ಬಾವಿಯ ಗೋಡೆಯಂತೆ ತಣ್ಣಗಿತ್ತು. ಹಸಿ ಕೆಸರಿನ ವಾಸನೆ ಮೂಗಿಗೆ ಬಡಿಯಿತು.

ಅಷ್ಟರಲ್ಲಿ ಒಂದು ಉತ್ತರ ಬಂತು. ಕಳಿಸಿದವರ ಹೆಸರಿನ ಜಾಗ ಖಾಲಿ.

“ನಾ ಇನ್ನಾ ಕೆಳಗ ಅದೀನ್ರಿ. ನೀರು ಬಿಡಬ್ಯಾಡ್ರಿ.”

ಮೇಲಧಿಕಾರಿ ಶಂಭುಲಿಂಗ ಅವರನ್ನು ಕರೆದು ತೋರಿಸಿದೆ.

“ಯಾರರ ಚ್ಯಾಷ್ಟಿ ಮಾಡ್ಯಾರೇನ್ರಿ ಸರ್?”

“ಇರಬೌದು ದೇವಿಕಾ. ಆದ್ರ ಖರೇನ ಯಾರರ ಇದ್ರ ಏನ್ ಮಾಡೂದು? ಮೊದ್ಲ ಗೇಟ್ ತಡೀರಿ ಅಂತ ಫೋನ್ ಹಚ್ಚಮ್ಮ,” ಎಂದು ಅವರು ಜೀಪಿನ ಕೀ ತೆಗೆದುಕೊಂಡರು.

ಕಂಪ್ಲಿಯವರೆಗೆ ಒಣ ಕಾಲುವೆಯ ದಂಡೆ ಹಿಡಿದು ಹುಡುಕಿದೆವು. ಯಾರೂ ಇರಲಿಲ್ಲ. ಕೊನೆಯ ಗೇಟಿನ ಮೆಟ್ಟಿಲುಗಳ ಮೇಲೆ ಮಾತ್ರ ಬರಿಗಾಲಿನ ಒದ್ದೆ ಹೆಜ್ಜೆಗಳಿದ್ದವು. ಎಲ್ಲವೂ ಕಾಲುವೆಯೊಳಗೆ ಇಳಿದಿದ್ದವು, ಒಂದೂ ಮೇಲೆ ಹತ್ತಿರಲಿಲ್ಲ. ನಾವು ಅಲ್ಲಿ ನಿಂತ ಅರ್ಧ ಗಂಟೆಯೂ ಆ ಬಿಸಿಲಿಗೆ ಅವು ಆರಲಿಲ್ಲ.

ಗದ್ದೆಗಳು ಕಾಯುತ್ತಿದ್ದವು. ಮರುದಿನ ನೀರು ಬಿಡಲೇಬೇಕಾಯಿತು. ಸುತ್ತಲಿನ ಯಾವ ಊರಿನಲ್ಲೂ ಯಾರಾದರೂ ಕಾಣೆಯಾದ ಸುದ್ದಿ ಇವತ್ತಿನವರೆಗೂ ಬಂದಿಲ್ಲ.