ಬೂದಿಗೆರೆಯ ಗಾಜಿನ ಪೆಟ್ಟಿಗೆ

ಬೆಳಿಗ್ಗೆ ಆರೂವರೆ. ಬೂದಿಗೆರೆಯ ರೇಷ್ಮೆ ನೂಲು ತೆಗೆಯುವ ಷೆಡ್ಡಿನಲ್ಲಿ ನಜೀಬುಲ್ಲಾ ತನ್ನ ಪೆಟ್ಟಿಗೆ ತೆರೆದಾಗ ಅರ್ಧದಷ್ಟು ಕನ್ನಡಕದ ಗಾಜುಗಳು ಇರಲಿಲ್ಲ.

ಅದು ೧೯೪೩. ಯುದ್ಧದಿಂದಾಗಿ ಹಡಗಿನಲ್ಲಿ ಬರುತ್ತಿದ್ದ ಗಾಜು ನಿಂತುಹೋಗಿತ್ತು. ಸೈಕಲ್ಲಿಗೆ ಪೆಟ್ಟಿಗೆ ಕಟ್ಟಿಕೊಂಡು ಹಳ್ಳಿಹಳ್ಳಿ ಸುತ್ತಿ, ಕಣ್ಣು ಪರೀಕ್ಷಿಸಿ, ಬಡವರಿಗೆ ಕನ್ನಡಕ ಮಾಡಿಸಿಕೊಡುತ್ತಿದ್ದ ಅವನಿಗೆ ಇನ್ನೊಂದು ಪೆಟ್ಟಿಗೆ ಸಿಗುವಂತಿರಲಿಲ್ಲ.

ಪೊಲೀಸ್ ದಫೇದಾರ್ ಪಿಳ್ಳಪ್ಪ ಬರುವಷ್ಟರಲ್ಲಿ ಮೇಸ್ತ್ರಿ ವೆಂಕಟರಾಯಪ್ಪ ಒಬ್ಬಳನ್ನು ಹಿಡಿದು ನಿಲ್ಲಿಸಿದ್ದ. ಅಕ್ಕಯಮ್ಮ. ಹಿಂದಿನ ದಿನ ನಜೀಬುಲ್ಲಾ ಷೆಡ್ಡಿನಲ್ಲಿ ನಡೆಸಿದ ಕಣ್ಣಿನ ಪರೀಕ್ಷೆಯಲ್ಲಿ ರೇಷ್ಮೆಗೂಡಿನ ಎಳೆ ಸಿಗದೆ ತಡಕಾಡಿದವಳು. ಮೇಸ್ತ್ರಿ ನಿಂತಲ್ಲೇ ಅವಳನ್ನು ಕೆಲಸದಿಂದ ತೆಗೆದಿದ್ದ.

“ಹೊಟ್ಟೆಯುರಿಗೆ ಕದ್ದವ್ಳೆ. ಠಾಣೆಗೆ ಎಳ್ಕೊಂಡೋಗಿ, ದಫೇದಾರ್ರೇ!”

“ಕೆಲ್ಸ ಕಿತ್ಕೊಂಡ್ರಿ, ಈಗ ಮಾನಾನೂ ಬೇಕಾ? ಬುಟ್ಟಿ ತಗೊಂಡೋಗಕ್ಕೆ ಬಂದೆ ಸಾಮಿ, ಅಷ್ಟೇ.”

“ಪೆಟ್ಟಿಗೆ ರಾತ್ರಿ ಎಲ್ಲಿತ್ತು?” ಪಿಳ್ಳಪ್ಪ ಕೇಳಿದ.

“ಗೂಡಿನ ಕೋಣೇಲಿ. ಬೆಳಿಗ್ಗೆ ಬೀಗ ತೆಗ್ದಿದ್ದು ನಾನೇ,” ಎಂದ ಮೇಸ್ತ್ರಿ.

“ತೆಗೆದ ಮೇಲೆ ಯಾರು ಒಳಗೋದ್ರು?”

“ಎಲ್ಲಾ ಹೆಂಗಸ್ರೂ. ಗೂಡು ತುಂಬ್ಕೋಬೇಕಲ್ಲ?”

ಪಿಳ್ಳಪ್ಪ ಉಳಿದ ಗಾಜುಗಳನ್ನು ಒಂದೊಂದಾಗಿ ಅಂಗೈ ಮೇಲೆ ಹಿಡಿದ. ಪ್ರತಿಯೊಂದರಲ್ಲೂ ಅಂಗೈ ಚಿಕ್ಕದಾಗಿ ಕಂಡಿತು.

“ಸಾಯಬ್ರೇ, ದೊಡ್ಡದಾಗಿ ತೋರ್ಸೋವು?”

“ಅವೇ ಹೋಗಿರೋದು, ಅಷ್ಟೂ. ಹತ್ರದ ಕೆಲ್ಸಕ್ಕೆ ಬೇಕಾದವು.”

“ಹಿತ್ತಾಳೆ ಚೌಕಟ್ಟು ಇಲ್ಲೇ ಇದೆ. ಮಾರೋರು ಇದನ್ನ ಬಿಡ್ತಾರಾ? ಹೊಟ್ಟೆಯುರಿಯವರು ಆರಿಸ್ಕೊಂಡು ಕೂರ್ತಾರಾ? — ನಿನ್ನೆ ಪರೀಕ್ಷೆ ಹೆಂಗ್ ಮಾಡಿದ್ರಿ?”

“ಇವರಿಗೆ ಓದಕ್ಕೆ ಬರಲ್ಲ. ಅವರವರ ಕೆಲ್ಸಾನೇ ಕೊಡ್ತೀನಿ. ದರ್ಜಿಗೆ ಸೂಜಿ, ಇವರಿಗೆ ಗೂಡು.”

“ಆಗ ಮೇಸ್ತ್ರಿ ಎಲ್ಲಿದ್ರು?”

“ಪಕ್ಕದಲ್ಲೇ ನಿಂತಿದ್ರು.”

“ಎಲ್ಲಾರ್ಗಿಂತ ಬೇಗ ಎಳೆ ಹಿಡಿದೋರು?”

“ಮುನಿತಾಯಮ್ಮ. ಹದ್ದಿನ ಕಣ್ಣು! ನನ್ ಮುಖ ನೋಡ್ಕೊಂಡು, ನಗ್ತಾ ನಗ್ತಾನೇ ಹಿಡಿದ್ಬಿಟ್ರು.”

“ನಿಮ್ಮ ಮುಖ ನೋಡ್ಕೊಂಡು?”

ಪಿಳ್ಳಪ್ಪ ಕುದಿಯುವ ಬಾಣಲೆಗಳ ಸಾಲಿನತ್ತ ನಡೆದ. ಮುನಿತಾಯಮ್ಮ ಎದ್ದು ನಿಂತಳು. ಅವನು ಅವಳ ಮುಂದೆ ಎರಡು ಬೆರಳುಗಳನ್ನು ಒತ್ತಿ ಹಿಡಿದ.

“ಇದೇನಮ್ಮಾ?”

“ಎಳೆ, ಸಾಮಿ.”

“ಚೆನ್ನಾಗಿ ಕಾಣ್ತದಾ?”

“ಓ, ಕಾಣ್ದೆ ಏನು?”

ಪಿಳ್ಳಪ್ಪ ಬೆರಳು ಬಿಡಿಸಿದ. ನಡುವೆ ಏನೂ ಇರಲಿಲ್ಲ. ಮುನಿತಾಯಮ್ಮನಿಗೆ ಅದೂ ಕಾಣಲಿಲ್ಲ. ಅಕ್ಕಪಕ್ಕದವರು ಸುಮ್ಮನಾದದ್ದು ಕೇಳಿ ಗೊತ್ತಾಯಿತು.

“ಗೂಡು ಕೊಟ್ರೆ ಇವಳ ಕೈಯೇ ನೋಡ್ತದೆ, ಸಾಯಬ್ರೇ,” ಎಂದ ಪಿಳ್ಳಪ್ಪ. “ನಿಮ್ಮ ಪರೀಕ್ಷೆ ಕಣ್ಣಿಗೆ ತಾಗಲೇ ಇಲ್ಲ. ಮೇಸ್ತ್ರಿ ಎದುರಿಗೆ ಕಾಣಲ್ಲ ಅಂದ್ರೆ ಕೆಲ್ಸ ಹೋಗ್ತದೆ. ಬಾಯಿಬಿಟ್ಟು ಕನ್ನಡಕ ಕೇಳೋ ಹಂಗಿಲ್ಲ. ತಗೊಂಡಿದ್ದು ಇವಳೇ.”

ಗಾಜುಗಳು ಅವಳ ಬುಟ್ಟಿಯಲ್ಲಿ, ಗೂಡುಗಳ ಅಡಿಯಲ್ಲಿದ್ದವು.

“ಕೈಗೆ ತುದಿ ಸಿಗ್ತದೆ ಸಾಮಿ, ಚರಕದ ಮೇಲೆ ಎಳೆ ಕಡಿದ್ರೆ ಕಾಣಲ್ಲ,” ಎಂದಳು ಮುನಿತಾಯಮ್ಮ. “ಯುದ್ಧಕ್ಕೆ ಹೋಗೋ ಪ್ಯಾರಾಚೂಟಿನ ನೂಲು, ಒಂದು ಗಂಟಿದ್ರೂ ಮೇಸ್ತ್ರಿ ಹಿಡೀತಾರೆ. ಯಾವ ಗಾಜು ನನಗಾಗ್ತದೋ ಗೊತ್ತಾಗ್ಲಿಲ್ಲ. ಅದ್ಕೇ ಎಲ್ಲಾ ತಗೊಂಡೆ. ನೋಡ್ಕೊಂಡು ಮಿಕ್ಕಿದ್ದು ಇಟ್ಬಿಡ್ತಿದ್ದೆ. ನನ್ ಮನೇಲಿ ದುಡಿಯೋರು ಇನ್ನೊಬ್ರಿಲ್ಲ.”

“ನಂದೇನೂ ದೂರಿಲ್ಲ,” ಎಂದ ನಜೀಬುಲ್ಲಾ. “ಮೇಸ್ತ್ರಿ, ಕನ್ನಡಕ ಬರೋವರ್ಗೂ ಇಬ್ರನ್ನೂ ಇರಿಸ್ಕೊಳಿ.”

“ಇದೇನು ಛತ್ರಾನಾ?” ಮೇಸ್ತ್ರಿ ಮುನಿತಾಯಮ್ಮನ ಬಾಣಲೆಯ ಕೆಳಗಿನ ಸೌದೆ ಎಳೆದುಹಾಕಿದ.

ಹೆಂಗಸರಿಬ್ಬರೂ ಒಟ್ಟಿಗೆ ಹೊರಗೆ ನಡೆದರು. ನಜೀಬುಲ್ಲಾ ಷೆಡ್ಡಿನ ಜಗುಲಿಯ ಮೇಲೆ ಮತ್ತೆ ಪೆಟ್ಟಿಗೆ ತೆರೆದಿಟ್ಟು ಕುಳಿತ. ಸಂಜೆಯವರೆಗೆ ಒಬ್ಬಳೂ ಕಣ್ಣು ತೋರಿಸಲು ಬರಲಿಲ್ಲ.