ಕ್ಲಾರಿನೆಟ್ ನಿಲ್ಲುವ ತನಕ

ವೇದಿಕೆಯ ಮೇಲಿಂದ ಜ್ಞಾನದೇವನ ಕಣ್ಣು ನೇರವಾಗಿ ತನ್ನ ಮೇಲೆಯೇ ಬಿದ್ದಾಗ ಗೌರಾ ತಲೆ ತಗ್ಗಿಸಲಿಲ್ಲ.

'ನೋಡು... ಕಣ್ಣ ತುಂಬ ನೋಡು. ನಿನ್ನ ನಂಬಿ ಕೆಟ್ಟಾಕಿ ನಾನೇ!'

೧೯೮೯ರ ಡಿಸೆಂಬರ್ ಸಂಜೆ, ಕಾಗವಾಡದ ಮೈದಾನ. ಮಿರಜಿಗೆ ತಂಬೂರಿ ಕೊಳ್ಳಲು ಬಂದಿದ್ದ ಇಬ್ಬರು ಜಾಜ್ ಕಲಾವಿದರನ್ನು ಗೌರಾಳ ಅಪ್ಪ ರಾವಸಾಹೇಬರೇ ಊರಿಗೆ ಕರೆಸಿದ್ದರು. ಜರ್ಮನಿಯ ಇಂಗ್ರಿಡ್ ಸ್ಯಾಕ್ಸೋಫೋನ್ ನುಡಿಸುವವಳು, ಪೋಲೆಂಡಿನ ಮಾರೆಕ್ ಡ್ರಮ್ ಬಾರಿಸುವವನು. ನಾಲ್ಕು ದಿನದ ಹಿಂದೆ ಬರುವ ದಾರಿಯಲ್ಲಿ ಮದುವೆ ಬ್ಯಾಂಡೊಂದರ ಕ್ಲಾರಿನೆಟ್ ಕೇಳಿ ಮನಸೋತ ಇಂಗ್ರಿಡ್, ಅದನ್ನು ಊದುತ್ತಿದ್ದ, ಊರಾಚೆಯ ದಲಿತ ಬೌದ್ಧರ ಕೇರಿಯ ಜ್ಞಾನದೇವನನ್ನೂ ಜೊತೆಗೆ ಸೇರಿಸಿಕೊಂಡಿದ್ದಳು.

ಅವನು ಗೌರಾಳ ಜೀವವಾಗಿದ್ದ. ಮೊನ್ನೆ ದ್ರಾಕ್ಷಿ ತೋಟದ ಬೇಲಿಯ ಹತ್ತಿರ, ಅವಳ ಮುಖವನ್ನೂ ನೋಡದೆ ಹೇಳಿದ್ದ:

"ನಾ ಇವರ ಜೋಡಿ ಪರದೇಶಕ್ಕ ಹೊಂಟೀನಿ. ನನ್ನ ಮರತಬಿಡು, ಗೌರಾ."

ವಾದನ ಶುರುವಾಯಿತು. ಬರೆದಿಟ್ಟ ಸ್ವರವಿಲ್ಲ, ಎಲ್ಲಿ ಮುಗಿಸಬೇಕೆಂಬ ಮಾತಿಲ್ಲ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿದು ಬೆಳೆಸಬೇಕು, ಅಷ್ಟೇ.

ಅಳು ತಡೆಯಲಾರದೆ ಗೌರಾ ಎದ್ದು ವೇದಿಕೆಯ ಹಿಂದಕ್ಕೆ ಹೋದಳು. ಹೋದವಳು ಅಲ್ಲೇ ನಿಂತುಬಿಟ್ಟಳು...

ಮೆಟ್ಟಿಲ ಬಳಿ ಅವಳ ಅಣ್ಣ ಭೀಮಸಿ, ಜೊತೆಗೆ ಆಳು ಮಲಕಾರಿ. ಇಬ್ಬರ ಕಂಬಳಿಯೊಳಗೂ ಕಬ್ಬು ಕಡಿಯುವ ಕೊಯ್ತಾ!

"ಈಗ ಎಳದ ಬಿಡೂಣೇನ್ರಿ, ಧಣ್ಯಾರ?"

"ಮಂದಿ ಎದರಿಗೆ ಬ್ಯಾಡ. ಬಾಜಾ ನಿಂದ್ರಲಿ. ಗೌರಾನ್ನ ಕೊಲ್ಲತೀನಿ ಅಂತ ಹೆದರಿಸಿದ್ಮ್ಯಾಲೆ ಊರ ಬಿಡತೀನಿ ಅಂದಿದ್ದ. ಇನ್ನೂ ಇಲ್ಲೇ ಅದಾನ. ಇವತ್ತ ಮುಗಿಸೂಣು."

ಗೌರಾ ವೇದಿಕೆಯತ್ತ ತಿರುಗಿ ನೋಡಿದಳು.

'ನನ್ನ ಉಳಸಾಕ... ಅದಕ್ಕ ಹಂಗ ಅಂದ್ನಾ!'

ಕಂಬಳಿಯ ಸಂದಿಯಲ್ಲಿ ಕೊಯ್ತಾ ಮಿಂಚಿದ್ದನ್ನು ಜ್ಞಾನದೇವನೂ ಕಂಡಿದ್ದ. ಅವನು ಕ್ಲಾರಿನೆಟ್ಟಿನಿಂದ ಬಾಯಿ ತೆಗೆಯಲೇ ಇಲ್ಲ. ಜನ ಚಪ್ಪಾಳೆ ತಟ್ಟಿದಷ್ಟೂ ಊದಿದ. ತುಟಿ ಒಡೆದು ರಕ್ತ ಒಸರಿತು. ಅವನ ಉಸಿರು ಸೋತಾಗಲೆಲ್ಲ ಇಂಗ್ರಿಡ್ ತಾನು ಎತ್ತಿಕೊಂಡಳು, ಅವನು ಚೇತರಿಸಿಕೊಂಡೊಡನೆ ಮತ್ತೆ ಅವನಿಗೆ ಬಿಟ್ಟುಕೊಟ್ಟಳು. ಏನೋ ಸರಿಯಿಲ್ಲವೆಂದು ಅವಳಿಗೂ ಗೊತ್ತಾಗಿತ್ತು.

ಗೌರಾ ಅಣ್ಣನನ್ನು ತಳ್ಳಿಕೊಂಡು ಮೆಟ್ಟಿಲೇರಿದಳು.

"ಏ ಗೌರಾ! ಇಳಿ ಕೆಳಗ!"

ಊರೆಲ್ಲ ನೋಡುತ್ತಿರುವಾಗಲೇ ಅವಳು ಜ್ಞಾನದೇವನ ತೋಳು ಹಿಡಿದಳು. ರಾವಸಾಹೇಬರು ಧಡಕ್ಕನೆ ಎದ್ದರು. ಪಕ್ಕದಲ್ಲಿದ್ದ ಅತಿಥಿಗಳನ್ನು ನೋಡಿ, ಕಲ್ಲಿನಂತೆ ಮತ್ತೆ ಕುಳಿತರು.

ಗೌರಾ ಇಂಗ್ರಿಡ್‌ಗೆ ಹಿಂದಿನ ಮೆಟ್ಟಿಲ ಬಳಿಯಿದ್ದ ಕೊಯ್ತಾಗಳನ್ನು ಸನ್ನೆಯಲ್ಲಿ ತೋರಿಸಿದಳು. ಆಮೇಲೆ ದೂರದಲ್ಲಿ ನಿಂತಿದ್ದ ಅವರ ವ್ಯಾನ್ ತೋರಿಸಿದಳು.

ಇಂಗ್ರಿಡ್ ನುಡಿಸುತ್ತಲೇ ಎದುರಿನ ಮೆಟ್ಟಿಲಿಳಿದಳು. ಮಾರೆಕ್ ಸಣ್ಣ ಡ್ರಮ್ಮೊಂದನ್ನು ಬಗಲಿಗೆ ಏರಿಸಿಕೊಂಡ. ನಡುವೆ ಜ್ಞಾನದೇವ, ಗೌರಾ. ಇದೂ ಕಾರ್ಯಕ್ರಮದ ಭಾಗವೆಂದುಕೊಂಡ ಜನ ಕುಣಿಯುತ್ತ ಸುತ್ತುವರಿದರು. ಮದುವೆಯ ಮೆರವಣಿಗೆಯೇ!

ಭೀಮಸಿಯೂ ಪಕ್ಕದಲ್ಲೇ ನಡೆಯುತ್ತಿದ್ದ. ಕೈ ಕಂಬಳಿಯೊಳಗೇ ಇತ್ತು.

"ಊದ್ಲೇ... ಎಷ್ಟ ಊದತಿ ನೋಡತೀನಿ."

ವ್ಯಾನಿನ ಬಾಗಿಲು ಮುಚ್ಚಿತು. ಕ್ಲಾರಿನೆಟ್ ನಿಂತಿತು.

ಮಿರಜಿನ ರಸ್ತೆಯುದ್ದಕ್ಕೂ ಜೀಪೊಂದು ಹಾರ್ನ್ ಬಾರಿಸುತ್ತ ಬೆನ್ನು ಹತ್ತಿತ್ತು. ಗಡಿಯ ತಪಾಸಣಾ ನಾಕಾದಲ್ಲಿ ಪೊಲೀಸರನ್ನು ಕಂಡು ಹಿಂದೆಯೇ ನಿಂತಿತು.

"ಇವತ್ತಿಲ್ಲಾ ನಾಳೆ ಬರ್ತಾರ, ಗೌರಾ."

"ಬರ್ಲಿ." ಅವಳು ಸೆರಗಿನಿಂದ ಅವನ ತುಟಿ ಒರೆಸಿದಳು. "ಪರದೇಶಕ್ಕ ಹೋಗಾಂವ ಇದ್ದೆಲ್ಲಾ?"

"ಸುಳ್ಳ ಹೇಳಿದ್ನಿ... ನಿನ್ನ ಬಿಟ್ಟ ನಾ ಎಲ್ಲಿಗೆ ಹೋಗ್ಲಿ?"

"ಇನ್ನೊಮ್ಮೆ ಹಂಗ ಅಂದ್ರ, ನಿನ್ನ ನಾನೇ ಕೊಲ್ಲತೀನಿ!"

ನಕ್ಕರೆ ತುಟಿ ಉರಿಯುತ್ತಿತ್ತು. ಆದರೂ ಅವನು ನಕ್ಕ.